ಒಂಬತ್ತನೆಯ ಮೊಳೆ

ನಮ್ಮೂರಿನಲ್ಲಿ ಗರಗಸದ ಪಕ್ಕ ಉಳಿಯನ್ನು ನೇತುಹಾಕಬಾರದು ಎಂಬುದು ಮೊನ್ನೆ ಮೊನ್ನೆ ನಡೆಯಲು ಕಲಿತ ಕೂಸಿಗೂ ಗೊತ್ತು. ಹಾಕಿದರೆ ಎರಡೇ ದಿನದಲ್ಲಿ ಉಳಿ ಹಿಂದಕ್ಕೂ ಮುಂದಕ್ಕೂ ಎಳೆದಾಡುವುದನ್ನು ಕಲಿಯುತ್ತದೆ. ಆಮೇಲೆ ಅದರಿಂದ ನೆಟ್ಟಗೆ ಒಂದು ತೂತು ತೆಗೆಯಿರಿ ನೋಡೋಣ. ಸುತ್ತಿಗೆಯ ಪಕ್ಕ ರಸಮಟ್ಟ ಇಟ್ಟರೆ ಅದು ಸೊಟ್ಟ ಗೋಡೆಯನ್ನೂ ನೆಟ್ಟಗಿದೆ ಎಂದು ದಬಾಯಿಸುತ್ತದೆ. ಕತ್ತರಿಯನ್ನು ಕಬ್ಬಿಣ ಉಜ್ಜುವ ಅರದ ಪಕ್ಕ ತೂಗಿದ ದರ್ಜಿಯೊಬ್ಬನಿದ್ದ. ಅವನು ಹೊಲಿದ ಜುಬ್ಬ ತೊಟ್ಟ ಮದುಮಗ ತಾಳಿ ಕಟ್ಟುವುದನ್ನು ಬಿಟ್ಟು ಮೈ ತುರಿಸಿಕೊಳ್ಳುತ್ತ ನಿಂತಿದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಮೊಳೆಗೆ ತೂಗಿದ ಹತಾರ ಪಕ್ಕದ ಹತಾರದ ಗುಣ ಕಲಿಯುತ್ತದೆ, ಅಷ್ಟೆ. ಬೇರೆ ಊರುಗಳಲ್ಲಿ ಹೀಗಿಲ್ಲವಂತೆ. ಅಲ್ಲಿ ಉಳಿ, ಸುತ್ತಿಗೆ, ಇಕ್ಕಳ ಎಲ್ಲವನ್ನೂ ಒಂದೇ ಡಬ್ಬಿಗೆ ಸುರಿದಿಡುತ್ತಾರೆ ಎಂದು ಯಾರೋ ಹೇಳಿದ ದಿನ ನನಗೆ ಊಟ ಸೇರಿರಲಿಲ್ಲ.

ನನ್ನ ಹೆಸರು ಚಿಕ್ಕತಾಯಮ್ಮ. ಊರವರ ಬಾಯಲ್ಲಿ ಮೊಳೆ ತಾಯಮ್ಮ. ನಮ್ಮಲ್ಲಿ ಪ್ರತಿ ಮನೆಗೂ ಅಡುಗೆಮನೆ ಇದ್ದ ಹಾಗೆ ಒಂದು ಕೈಕೋಣೆ ಇರುತ್ತದೆ, ಮನೆಯವರು ಕೈಕೆಲಸ ಮಾಡುವ ಕೋಣೆ. ಅದರ ಗೋಡೆಯಲ್ಲಿ ಯಾವ ಹತಾರ ಎಲ್ಲಿರಬೇಕು, ಯಾವುದರ ಪಕ್ಕ ಯಾವುದು, ಎಷ್ಟು ಎತ್ತರ ಎಂದು ಗೊತ್ತುಮಾಡಿ ಮೊಳೆ ಹೊಡೆದುಕೊಡುವುದು ನನ್ನ ಕಸುಬು. ಈ ಸಂಗತಿ ನಡೆಯುವ ಹೊತ್ತಿಗೆ ಮೂವತ್ತೊಂದು ವರ್ಷದಲ್ಲಿ ಇನ್ನೂರ ಹದಿನಾಲ್ಕು ಗೋಡೆ ಜೋಡಿಸಿದ್ದೆ, ಹೊಡೆದ ಒಂದೇ ಒಂದು ಮೊಳೆಯನ್ನೂ ವಾಪಸು ಕಿತ್ತಿರಲಿಲ್ಲ. ಜಾತಕ ಕೂಡಿಸುವವರು ತಪ್ಪಿದರೆ ಗ್ರಹಗಳ ಮೇಲೆ ಹಾಕಬಹುದು, ನನಗೆ ಆ ಸೌಕರ್ಯ ಇಲ್ಲ, ಬೇಕಾಗಿಯೂ ಇರಲಿಲ್ಲ. ಭಾರದ್ದು ಕೆಳಗೆ, ಹಗುರದ್ದು ಮೇಲೆ. ದಿನಾ ಬೇಕಾದದ್ದು ಎದೆಮಟ್ಟಕ್ಕೆ, ವರ್ಷಕ್ಕೊಮ್ಮೆ ಬೇಕಾದದ್ದು ಬಾಗಿಲ ಹಿಂದೆ. ಹೊಸದಾಗಿ ಬಂದ ಹತಾರಕ್ಕೆ ಬಾಗಿಲ ಬಳಿ ಒಂಟಿ ಮೊಳೆ. ಅದನ್ನು ನೆಂಟರ ಮೊಳೆ ಎನ್ನುತ್ತೇವೆ, ಹದಿನಾರು ದಿನ ಅದು ಅಲ್ಲಿ ಯಾರ ತಂಟೆಗೂ ಹೋಗದೆ ಇರಬೇಕು. ಸಹವಾಸ ದೋಷದಿಂದ ಸನ್ಯಾಸಿ ಕೆಟ್ಟ ಅನ್ನುತ್ತಾರೆ. ಸನ್ಯಾಸಿಯ ವಿಷಯ ನನಗೆ ಗೊತ್ತಿಲ್ಲ, ಬೈರಿಗೆಯ ವಿಷಯದಲ್ಲಿ ಅದು ನೂರಕ್ಕೆ ನೂರು ನಿಜ. ಇನ್ನೊಂದು ಮಾತನ್ನೂ ನಾನು ಹೋದ ಹೋದ ಮನೆಯಲ್ಲಿ ಹೇಳುತ್ತಿದ್ದೆ: ಮೊಳೆಗೆ ಗುಣ ಇಲ್ಲ. ಯಾವ ಕಬ್ಬಿಣದ್ದಾದರೂ ಸರಿ, ಭಾರ ತಡೆದರೆ ಸಾಕು.

ನನಗೆ ಇದ್ದ ಕೊರತೆ ಒಂದೇ, ನಿದ್ದೆ. ಹತ್ತೊಂಬತ್ತು ವರ್ಷದ ಹಿಂದೆ ಗಂಡ ತೀರಿಕೊಂಡ ಮೇಲೆ ಅದು ನನ್ನನ್ನು ಬಿಟ್ಟುಹೋಯಿತು. ಎರಡು ಗಂಟೆ ಕಣ್ಣು ಮುಚ್ಚಿದರೆ ಅದೇ ಹೆಚ್ಚು. ಮಲಗುವ ಕೋಣೆ ಬೇರೆ ಯಾಕೆ ಎಂದು ಹಾಸಿಗೆಯನ್ನು ಕೈಕೋಣೆಗೇ ತಂದು ಹಾಕಿಕೊಂಡೆ. ಎಚ್ಚರವಿದ್ದಷ್ಟು ಹೊತ್ತೂ ಉಳಿಗಳನ್ನು ಸಾಣೆ ಹಿಡಿಯುತ್ತಿದ್ದೆ. ಜನ ನನ್ನ ಶ್ರದ್ಧೆಯನ್ನು ಹೊಗಳುತ್ತಿದ್ದರು. ನಾನೂ ತಲೆದೂಗುತ್ತಿದ್ದೆ. ನಿಜವಾಗಿ ನನಗೆ ಸುಸ್ತಾಗಿತ್ತು.

ಬಸವಾಚಾರ್ರು ಹೇಳಿಕಳಿಸಿದ್ದು ಆ ಕಾಲದಲ್ಲಿ. ಅವರು ಊರಿನ ತೊಟ್ಟಿಲು ಮಾಡುವವರು, ಎಪ್ಪತ್ತೆರಡು ದಾಟಿದವರು. ನಮ್ಮಲ್ಲಿ ಒಂದು ಮಗುವಿಗೆ ಒಂದು ತೊಟ್ಟಿಲು, ಅದೂ ಅವರ ಕೈಯದೇ. ಮಗು ತೊಟ್ಟಿಲಿಂದ ಇಳಿದ ಮೇಲೆ ಆ ಮರವನ್ನು ಅದೇ ಮಗುವಿಗೆ ಊಟದ ಮಣೆಯಾಗಿ ಕಡಿಸುತ್ತಾರೆ, ಹಾಗಾಗಿ ಹಳೆಯ ತೊಟ್ಟಿಲು ಅಂತ ಊರಲ್ಲಿ ಯಾರ ಮನೆಯಲ್ಲೂ ಇರುವುದಿಲ್ಲ. ಅವರು ಮಾಡಿದ ತೊಟ್ಟಿಲಲ್ಲಿ ನಿದ್ದೆ ಮಾಡದ ಮಗು ಇಲ್ಲ. ಈಗ ಅವರ ಸ್ವಂತ ಮಗಳು ಚಂದ್ರಮತಿ, ಮದುವೆಯಾಗಿ ಹದಿನಾರು ವರ್ಷದ ಮೇಲೆ, ಏಳು ತಿಂಗಳ ಬಸುರಿಯಾಗಿ ಬಾಣಂತನಕ್ಕೆ ಬಂದಿದ್ದಳು. ಆಚಾರ್ರ ಕಣ್ಣೋ, ಪೂರ್ತಿ ಮಂಜು. ನರ ಸೋತಿದೆ, ಆಪರೇಷನ್ ಮಾಡಿ ಪ್ರಯೋಜನವಿಲ್ಲ ಎಂದು ಡಾಕ್ಟರಮ್ಮ ಹೇಳಿಯಾಗಿತ್ತು.

"ಊರ್ನೋರಿಗೆಲ್ಲ ಮಾಡ್ಕೊಟ್ಟೆ ತಾಯವ್ವ, ಮೊಮ್ಮಗೂಗೆ ಮಾಡೋ ಹೊತ್ಗೆ ಉಳಿ ಎಲ್ಲಿದೆ ಅಂತ ಕಾಣಲ್ಲ," ಎಂದರು. ಎಡಗೈಯ ಎರಡು ಬೆರಳಿಗೆ ಬಟ್ಟೆ ಸುತ್ತಿತ್ತು. "ಕೈಗೇ ಕಣ್ಣು ಬರೋ ಹಂಗೆ ಒಂದು ಗೋಡೆ ಮಾಡ್ಕೊಡು."

ಅವರ ಕೈಕೋಣೆಗೆ ಹೋದೆ. ಕಿಟಕಿಯ ಮೇಲೆ ಉಳಿಗಳು, ನೆಲದ ಮೇಲೆ ಬಾಚಿ, ಹತ್ತರಿ ಎಂದು ನಾವು ಕರೆಯುವ ಮರ ನಯ ಮಾಡುವ ಹತಾರ ಅಕ್ಕಿ ಡಬ್ಬದ ಹಿಂದೆ. ಗೋಡೆಯ ಮೇಲೆ ಇದ್ದಬದ್ದ ಹತಾರಗಳೂ ಒಂದಕ್ಕೊಂದು ಭುಜ ತಾಗಿಸಿಕೊಂಡು ಸಂತೆಗೆ ಬಂದವರ ಹಾಗೆ ನಿಂತಿದ್ದವು. ಎಲ್ಲಕ್ಕಿಂತ ಸಿಟ್ಟು ಬಂದದ್ದು ನಡುಮಧ್ಯದಲ್ಲಿ, ಎದೆಮಟ್ಟಕ್ಕೆ, ರಾಜನ ಹಾಗೆ ಕೂತಿದ್ದ ಒಂದು ಸುತ್ತಿಗೆಯ ತಲೆಯನ್ನು ನೋಡಿ. ಅದಕ್ಕೆ ಹಿಡಿ ಇರಲಿಲ್ಲ. ಹಿಡಿ ಹಾಕುವ ತೂತಿಗೆ ತಂತಿ ಪೋಣಿಸಿ ತೂಗಿದ್ದರು. ಮುಖ ಸವೆದು ಬಟ್ಟಲಾಗಿತ್ತು, ಧೂಳು ಕೂತಿತ್ತು. ಕೆಲಸಕ್ಕೆ ಬಾರದ ಒಂದು ಕಬ್ಬಿಣದ ತುಂಡಿಗೆ ಊರಿನಲ್ಲೇ ಒಳ್ಳೆಯ ಜಾಗ.

"ಬೇಡದ್ದನ್ನೆಲ್ಲ ತೆಗೆದುಬಿಡ್ಲಾ ಆಚಾರ್ರೇ?"

"ನಿನಗೆ ತಿಳಿದಂಗೆ ಮಾಡವ್ವ," ಎಂದರು. ಅವರು ಮಗಳ ಊಟದ ಕಡೆ ಗಮನ ಕೊಟ್ಟು ಒಳಗೆ ಹೊರಟಿದ್ದರು. ಇದು ಬೇಕೋ ಬೇಡವೋ ಎಂದು ನಾನು ಒಂದೊಂದನ್ನೂ ಕೈಯಲ್ಲಿ ಹಿಡಿಸಿ ಕೇಳಬೇಕಿತ್ತು. ಕೇಳಲಿಲ್ಲ. ಯಾರನ್ನೂ ಕೇಳಿ ಅಭ್ಯಾಸ ಇರಲಿಲ್ಲ.

ನಾಲ್ಕು ದಿನದ ಕೆಲಸ. ಆ ಗೋಡೆಯನ್ನು ಇವತ್ತಿಗೂ ನನ್ನ ಅತ್ಯುತ್ತಮ ಕೆಲಸ ಎಂದೇ ಹೇಳುತ್ತೇನೆ. ಬಾಗಿಲಿಂದ ಕೆಲಸದ ಮೇಜಿಗೆ, ಮೇಜಿನಿಂದ ಗೋಡೆಗೆ ಸೊಂಟದ ಮಟ್ಟಕ್ಕೆ ಒಂದು ಹಗ್ಗ ಕಟ್ಟಿದೆ, ತಿರುಗುವ ಕಡೆ ಗಂಟು ಹಾಕಿದೆ. ಹತಾರಗಳನ್ನು ಎಡದಿಂದ ಬಲಕ್ಕೆ ಕೆಲಸದ ವರಸೆಯಲ್ಲಿ ತೂಗಿದೆ: ಮೊದಲು ಮೂಲೆಮಟ್ಟ, ಆಮೇಲೆ ಗರಗಸ, ಬಾಚಿ, ಹತ್ತರಿ, ಬೈರಿಗೆ, ಕೊನೆಗೆ ಕೆತ್ತನೆಯ ಉಳಿಗಳು. ಪ್ರತಿ ಮೊಳೆಯ ಕೆಳಗೆ ಮರದ ಪಟ್ಟಿಯಲ್ಲಿ ಕಚ್ಚು ಹಾಕಿದೆ, ಬೆರಳು ಆಡಿಸಿದರೆ ಯಾವುದೆಂದು ತಿಳಿಯುವ ಹಾಗೆ. ಅಗಲದ ಉಳಿಗೆ ಒಂದು ಕಚ್ಚು, ಸಣ್ಣದಕ್ಕೆ ಎರಡು, ಬಾಗಿದ್ದಕ್ಕೆ ಮೂರು. ಎಲ್ಲ ಬಾಯಿಗಳೂ ಗೋಡೆಯ ಕಡೆ, ಹಿಡಿಗಳು ಕೈಯ ಕಡೆ. ಹತಾರದಿಂದ ಹತಾರಕ್ಕೆ ಒಂದು ಗೇಣು ಖಾಲಿ, ಯಾವುದೂ ಯಾವುದರ ಗುಣವನ್ನೂ ಕದಿಯದಂತೆ. ಆಚಾರ್ರು ಹಗ್ಗ ಹಿಡಿದು ಬಂದು, ಕೈ ಚಾಚಿ, ನಾನು ಕೇಳಿದ್ದನ್ನು ಕೇಳಿದ ಕೂಡಲೇ ತೆಗೆದರು. ಆಮೇಲೆ ತೋಳಿಂದ ಕಣ್ಣೊರೆಸಿಕೊಂಡರು.

ಕಸವನ್ನೆಲ್ಲ ಒಂದು ಚೀಲಕ್ಕೆ ತುಂಬಿ ಕುಲುಮೆಯ ಗೋಪಾಲಿಗೆ ಕೊಟ್ಟೆ. ಅವನು ಆ ಸುತ್ತಿಗೆಯ ತಲೆಯನ್ನು ಕಾಯಿಸಿ ಬಡಿದು ಒಂಬತ್ತು ಮೊಳೆ ಮಾಡಿಕೊಟ್ಟ. ಒಳ್ಳೆಯ ಹಳೆಯ ಕಬ್ಬಿಣ, ಮೊಳೆಗಳು ನುಣ್ಣಗೆ ಬಂದಿದ್ದವು. ಆ ವಾರವೇ ನಾಲ್ಕನ್ನು ಡ್ರಿಲ್ ಮೇಷ್ಟ್ರು ಶಾಂತರಾಜು ಅವರ ಮನೆಯಲ್ಲಿ ಹೊಡೆದೆ, ನಾಲ್ಕನ್ನು ರೇಡಿಯೋ ರಿಪೇರಿ ಸುಗುಣಳ ಮನೆಯಲ್ಲಿ. ಉಳಿದ ಒಂದು ನನ್ನ ಮನೆಗೆ ಬಂತು. ಹಾಸಿಗೆಯ ತಲೆದೆಸೆಯಲ್ಲಿ ನನ್ನ ಅಳತೆಕೋಲು ತೂಗುವ ಹಳೆಯ ಮೊಳೆ ತುಕ್ಕು ಹಿಡಿದಿತ್ತು. ಅದರ ಪಕ್ಕ ಇದನ್ನು ಹೊಡೆದು ಕೋಲನ್ನು ಇದಕ್ಕೆ ವರ್ಗಾಯಿಸಿದೆ.

ಆ ದಿನ ಮಲಗಿದವಳು ಎದ್ದಾಗ ಹಾಲಿನವನು ಬಾಗಿಲು ಬಡಿದು ಬಡಿದು ಪಕ್ಕದ ಮನೆಯವರನ್ನು ಕರೆದು ನಿಂತಿದ್ದ. ನಾನು ಸತ್ತೇಹೋಗಿದ್ದೇನೆ ಎಂದು ಅವರೆಲ್ಲ ತೀರ್ಮಾನಿಸಿದ್ದರು. ಮಾರನೆಯ ದಿನವೂ ಅದೇ ನಿದ್ದೆ. ಅದರ ಮಾರನೆಯ ದಿನವೂ. ಮುಖದಲ್ಲಿ ಕಳೆ ಬಂತು, ಸಾರಿಗೆ ಉಪ್ಪು ಎರಡು ಸಲ ಹಾಕುವುದು ನಿಂತಿತು. ಒಳ್ಳೆಯ ಕೆಲಸ ಮಾಡಿದವರಿಗೆ ಒಳ್ಳೆಯ ನಿದ್ದೆ ಎಂದು ಎಲ್ಲರಿಗೂ ಹೇಳಿಕೊಂಡು ತಿರುಗಿದೆ.

ಆಚಾರ್ರು ತೊಟ್ಟಿಲು ಮುಗಿಸಿದ್ದು ಹನ್ನೊಂದೇ ದಿನದಲ್ಲಿ. ಹಿಂದೆಲ್ಲ ಮೂರು ತಿಂಗಳು ಹಿಡಿಯುತ್ತಿದ್ದ ಕೆಲಸ. ಒಂದು ಮೂಲೆ ಕೂಡಿಸಿ, ಎಲೆಯಡಿಕೆ ಹಾಕಿಕೊಂಡು, ಹೋಗಿಬರುವವರ ಜೊತೆ ಮಾತಾಡಿ, ಮಾರನೆಯ ದಿನ ಇನ್ನೊಂದು ಮೂಲೆ, ಹಾಗೆ ಮಾಡುತ್ತಿದ್ದವರು. "ನಿನ್ನ ಗೋಡೆ ನನ್ನ ಕೈನ ಓಡಿಸ್ತು ಕಣವ್ವ," ಎಂದು ಹೇಳಿಕಳಿಸಿದರು. ನಾನು ಅದನ್ನು ಬಹುಮಾನದ ಹಾಗೆ ಇಟ್ಟುಕೊಂಡೆ. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆ ನನಗೂ ಗೊತ್ತು, ಆದರೆ ಅದು ಬೇರೆಯವರಿಗೆ ಮಾಡಿದ್ದು ಎಂದುಕೊಂಡಿದ್ದೆ.

ಮಗು ದಿನ ತುಂಬುವ ಮುಂಚೆಯೇ ಹುಟ್ಟಿತು. ಹೆಣ್ಣು. ಎರಡು ಕಿಲೋಗೆ ಇನ್ನೂ ನೂರು ಗ್ರಾಂ ಕಮ್ಮಿ, ಬೆರಳುಗಳು ಬೆಂಕಿಕಡ್ಡಿಯಷ್ಟು. ಹನ್ನೆರಡನೆಯ ದಿನ ತೊಟ್ಟಿಲಿಗೆ ಹಾಕಿದರು. ಊರಿಗೆ ಊರೇ ಸೇರಿತ್ತು. ಹೆಂಗಸರು ಹಾಡು ಹೇಳಿ ತೂಗಿದರು. ತೊಟ್ಟಿಲು ಹೋಗುತ್ತಿತ್ತು, ಬರುತ್ತಿತ್ತು, ಆದರೆ ಪ್ರತಿ ಸಲವೂ ತುದಿಯಲ್ಲಿ ಏನೋ ಕೆಲಸ ನೆನಪಾದವರ ಹಾಗೆ ಟಕ್ಕನೆ ತಿರುಗುತ್ತಿತ್ತು. ಒಳಗೆ ಮಗು ಮುಷ್ಟಿ ಬಿಗಿದು, ಕಣ್ಣು ಅಗಲಿಸಿ, ಎಲ್ಲಿಗೋ ಹೊರಡಬೇಕಾದವರಂತೆ ಮಲಗಿತ್ತು. ಹಾಡು ಮುಗಿಯಿತು, ಕಡಲೆ ಹಂಚಿದ್ದಾಯಿತು, ಜನ ಮನೆಗೆ ಹೋದರು. ಮಗು ನಿದ್ದೆ ಮಾಡಲಿಲ್ಲ.

ಮರುದಿನವೂ ಮಾಡಲಿಲ್ಲ. ತಾಯಿಯ ತೊಡೆಯ ಮೇಲೆ ಸ್ವಲ್ಪ ಜೊಂಪು ಹತ್ತುತ್ತಿತ್ತು, ಬೆಚ್ಚಿ ಎದ್ದು ಅಳುತ್ತಿತ್ತು. ಕುಡಿದ ಹಾಲೆಲ್ಲ ಅಳುವುದಕ್ಕೇ ಖರ್ಚಾಗುತ್ತಿದೆ, ನಿದ್ದೆ ಬಾರದೆ ಮೈ ಹಿಡಿಯುವುದಿಲ್ಲ ಎಂದು ಡಾಕ್ಟರಮ್ಮ ಪ್ರತಿ ಸೋಮವಾರ ತೂಕ ನೋಡಿ ಹೇಳುತ್ತಿದ್ದರು. ಚಂದ್ರಮತಿಯ ಕಣ್ಣಿನ ಸುತ್ತ ಕಪ್ಪು ಕಟ್ಟಿತು. ನಾನು ನೋಡಲು ಹೋದಾಗ ಅವಳು ಸೀರೆಯ ಸೆರಗನ್ನು ಮಗುವಿನ ಮೇಲೆ ಎಳೆದುಕೊಂಡು, "ಅಕ್ಕ, ಹದಿನಾರು ವರ್ಷ ಕಾದಿದ್ದು ಇವಳು ಹಿಂಗೆ ಕರಗೋದನ್ನ ನೋಡಕ್ಕಾ?" ಎಂದಳು. ಆಚಾರ್ರು ಜಗಲಿಯ ಮೇಲೆ ಕೈಗಳನ್ನು ಮಂಡಿಯ ಮೇಲಿಟ್ಟುಕೊಂಡು ಕೂತಿದ್ದರು. "ಕಣ್ಣು ಹೋದಾಗ ಇಷ್ಟು ಅಳ್ಲಿಲ್ಲ ತಾಯವ್ವ. ಕೈ ಹೋಯ್ತಲ್ಲ," ಎಂದರು.

ನಾನು ಗೋಡೆಯನ್ನು ಮತ್ತೆ ಮತ್ತೆ ಪರೀಕ್ಷಿಸಿದೆ. ಗೇಣು ಸರಿಯಾಗಿತ್ತು, ವರಸೆ ಸರಿಯಾಗಿತ್ತು. ಕುಣಿಯಲಾರದವಳು ನೆಲ ಡೊಂಕು ಎಂದ ಹಾಗೆ ಮರದ ಮೇಲೆ ಅನುಮಾನಪಟ್ಟೆ, ತೊಟ್ಟಿಲ ಸರಪಳಿಯ ಮೇಲೆ ಅನುಮಾನಪಟ್ಟೆ, ಹಾಡಿದ ಹೆಂಗಸರ ರಾಗದ ಮೇಲೂ.

ಅಷ್ಟರಲ್ಲಿ ಡ್ರಿಲ್ ಮೇಷ್ಟ್ರು ನನ್ನ ಮನೆ ಬಾಗಿಲಿಗೇ ಬಂದರು. ಶಾಲೆ ಬಿಟ್ಟು ಹತ್ತು ವರ್ಷವಾದರೂ ಎದೆ ಉಬ್ಬಿಸಿಯೇ ನಡೆಯುವ ಮನುಷ್ಯ. "ತಾಯಮ್ಮ, ನನ್ನ ಗರಗಸ ಸೋಮಾರಿಯಾಗಿದೆ. ಅರ್ಧ ಹಲಗೆ ಕುಯ್ಯುತ್ತೆ, ನಿಂತುಬಿಡುತ್ತೆ. ಸುತ್ತಿಗೆ ಎತ್ತಿದ್ರೆ ಇಳಿಯೋಕೆ ಯೋಚನೆ ಮಾಡುತ್ತೆ. ನಿನ್ನೆ ನಾನೇ ಮೇಜಿನ ಮೇಲೆ ತಲೆ ಇಟ್ಟು ನಿದ್ದೆ ಹೋಗಿದ್ದೆ. ನಾನು. ಹಗಲು ಹೊತ್ತಲ್ಲಿ." ಹೋಗಿ ನೋಡಿದೆ. ಗೋಡೆಯಲ್ಲಿ ತಪ್ಪಿಲ್ಲ. ಹೊಸದು ಎಂದರೆ ಆ ನಾಲ್ಕು ಮೊಳೆ ಮಾತ್ರ. ಅಲ್ಲಿಂದ ನೆಟ್ಟಗೆ ಸುಗುಣಳ ಮನೆಗೆ ಹೋದೆ. ಊರಿನಲ್ಲೇ ಸಿಡುಕಿಯಾದ ಆ ಹೆಂಗಸು ಒಂದು ರೇಡಿಯೋವನ್ನು ಬಿಚ್ಚಿಟ್ಟುಕೊಂಡು, ತಿರುಪುಳಿಯನ್ನು ನಿಧಾನವಾಗಿ ತಿರುಗಿಸುತ್ತ, ಏನೋ ಗುನುಗುತ್ತ ಕೂತಿದ್ದಳು. "ಯಾಕೋ ಈಚೆಗೆ ಯಾವ್ದಕ್ಕೂ ಅವಸರ ಅನ್ಸಲ್ಲ ಕಣೆ ತಾಯಮ್ಮ," ಎಂದು ನಕ್ಕಳು. ಅವಳು ನಕ್ಕದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಕುಲುಮೆಗೆ ಓಡಿದೆ ಎಂದೇ ಹೇಳಬೇಕು. ಐವತ್ತೆಂಟು ವರ್ಷದ ಹೆಂಗಸು ಓಡುವುದನ್ನು ನೋಡಿ ಗೋಪಾಲಿ ತಿದಿ ಒತ್ತುವುದನ್ನು ನಿಲ್ಲಿಸಿದ.

"ಆ ಒಂಬತ್ತು ಮೊಳೆ ಯಾವ ಕಬ್ಬಿಣದ್ದೋ?"

"ನೀನೇ ಕೊಟ್ಟಿದ್ದಲ್ಲಕ್ಕ. ಆಚಾರ್ರ ಮನೆ ಸುತ್ತಿಗೆ ತಲೆ. ಅದೇನು ಸುಮ್ನೆ ಕಾಯ್ಲಿಲ್ಲ ಅದು, ಮೂರು ಸಲ ತಿದಿ ಒತ್ತಿದ್ರೂ ನಂಗೇನು ಅನ್ನೋ ಹಂಗೆ ಮಲಗಿತ್ತು."

ಅವನು ಕಬ್ಬಿಣ ಬಡಿಯುವ ಅಡಿಗಲ್ಲಿನ ಮೇಲೇ ಕೂತುಬಿಟ್ಟೆ. ಆಮೇಲೆ ಎದ್ದು, ದಾರಿಯಲ್ಲಿ ಎಲ್ಲೂ ನಿಲ್ಲದೆ, ಆಚಾರ್ರ ಮನೆಗೆ ಹೋಗಿ ಅವರ ಎದುರು ನಿಂತೆ. ಗೋಡೆಯ ಮಧ್ಯೆ ಹಿಡಿ ಇಲ್ಲದ ಒಂದು ಸುತ್ತಿಗೆಯ ತಲೆ ಇತ್ತಲ್ಲ, ಅದೇನು ಎಂದು ಕೇಳಿದೆ.

"ನಮ್ಮಪ್ಪಂದು," ಎಂದರು. "ಅರವತ್ತು ವರ್ಷ ಹೊಡೆದ್ರು ಅದ್ರಲ್ಲಿ. ಹಿಡಿ ಮುರಿದ ದಿನ ಅಂದ್ರು, ಇದಕ್ಕೆ ಇನ್ನ ಹಿಡಿ ಹಾಕ್ಬೇಡ, ಬಾಳ ದುಡಿದಿದೆ, ಸುಮ್ನೆ ಇರ್ಲಿ. ಅವತ್ತಿಂದ ಸುಮ್ನೆ ಇದೆ. ನಾನು ದಿನಾ ಬೆಳಿಗ್ಗೆ ಕೆಲಸ ಹಿಡಿಯೋಕೆ ಮುಂಚೆ ಆ ಕಡೆ ಒಂದ್ಸಲ ಕೈ ಮುಗೀತೀನಿ. ಇವತ್ತೂ ಮುಗಿದೆ."

ಅವರು ನಲವತ್ತು ದಿನ ಖಾಲಿ ಗೋಡೆಗೆ ಕೈ ಮುಗಿದಿದ್ದರು. ನನಗೆ ನಾಚಿಕೆಯಾಯಿತು, ಈ ಹುಟ್ಟಿನಲ್ಲಿ ಆಗದಷ್ಟು ನಾಚಿಕೆಯಾಯಿತು. ಹೇಳಿದೆ. ತೆಗೆದದ್ದು, ಕೊಟ್ಟದ್ದು, ಮೊಳೆ ಮಾಡಿಸಿದ್ದು, ಮೊಳೆಗೆ ಗುಣವಿಲ್ಲ ಎಂದು ಮೂವತ್ತೊಂದು ವರ್ಷ ಸಾರಿಕೊಂಡು ಬಂದದ್ದು ಎಲ್ಲ. ಸುಮ್ಮನಿರುವುದನ್ನು ಬಲ್ಲ ಒಂದೇ ಒಂದು ಹತಾರವನ್ನು ನಾನು ಆ ಗೋಡೆಯಿಂದ ತೆಗೆದಿದ್ದೆ, ಉಳಿದವಕ್ಕೆಲ್ಲ ನಿಲ್ಲುವುದನ್ನು ಕಲಿಸುತ್ತಿದ್ದದ್ದು ಅದು. ಆಚಾರ್ರು ನನ್ನನ್ನು ಬೈಯಬಹುದಿತ್ತು, ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಅವರು, "ಹಂಗಾದ್ರೆ ನನ್ನ ಕೈ ಹೋಗಿಲ್ವಾ?" ಎಂದು ಮಾತ್ರ ಕೇಳಿದರು.

ಮೊಳೆ ಕೀಳಲು ನಾನೇ ಹೋದೆ, ಜೊತೆಗೆ ಗೋಪಾಲಿ ಇಕ್ಕಳ ಹಿಡಿದುಕೊಂಡು ಬಂದ. ಡ್ರಿಲ್ ಮೇಷ್ಟ್ರು ಸಲಾಮು ಹೊಡೆದು ಒಪ್ಪಿಸಿದರು. ಸುಗುಣ ಮಾತ್ರ ಗೋಡೆಗೆ ಅಡ್ಡ ನಿಂತಳು. "ಇಷ್ಟು ವರ್ಷಕ್ಕೆ ಮನಸ್ಸಿಗೆ ಒಂಚೂರು ನೆಮ್ಮದಿ ಬಂದಿತ್ತು, ಅದನ್ನೂ ಕಿತ್ಕೊಂಡೋಗ್ತೀಯಾ?" ಎಂದಳು. ಮಗುವಿನ ವಿಷಯ ಹೇಳಿದ ಮೇಲೆ ಅವಳೇ ಇಕ್ಕಳ ಇಸಿದುಕೊಂಡು ನಾಲ್ಕನ್ನೂ ಕಿತ್ತು ನನ್ನ ಸೆರಗಿಗೆ ಹಾಕಿದಳು. ಮೊಳೆ ಕಿತ್ತ ತೂತುಗಳನ್ನು ನೋಡುವುದು ನನಗೆ ಹಲ್ಲು ಕಿತ್ತ ಬಾಯಿ ನೋಡಿದಷ್ಟೇ ಕಷ್ಟ. ನೋಡಿದೆ.

ಹೊರಗೆ ಬಂದು ಗೋಪಾಲಿ ಎಣಿಸಿದ. "ಎಂಟಿದೆ. ಒಂಬತ್ತು ಕೊಟ್ಟಿದ್ದೆ."

ನನ್ನ ಬಾಯಿಂದ ಬಂದ ಮಾತಿಗೆ ನಾನೇ ಬೆರಗಾದೆ. "ಒಂದು ಹೊಡೆಯುವಾಗ ಬಗ್ಗಿತು ಕಣೋ. ಬಾವಿಗೆ ಎಸೆದೆ."

"ಮೊಳೆ ತಾಯಮ್ಮ ಹೊಡೆದ ಮೊಳೆ ಬಗ್ತಾ?" ಎಂದು ಅವನು ನಕ್ಕ. ಮೂವತ್ತೊಂದು ವರ್ಷದ ಹೆಸರನ್ನು ಒಂದು ನಿದ್ದೆಗಾಗಿ ಬೀದಿಯಲ್ಲಿ ನಿಂತು ಮಾರಿದ್ದೆ. ಎಂಟು ಇದೆಯಲ್ಲ, ಎಂಟು ಸಾಕು, ಒಂದರಲ್ಲಿ ಏನಿದೆ ಎಂದುಕೊಂಡೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ, ಆ ದಿನವೂ ಅಳತೆಕೋಲಿನ ಕೆಳಗೆ ಮಲಗಿ ಬೆಳಗಾಗುವವರೆಗೆ ಗಡದ್ದಾಗಿ ನಿದ್ದೆ ಮಾಡಿದೆ.

ಎಂಟು ಮೊಳೆಗಳನ್ನು ಆಚಾರ್ರ ಗೋಡೆಯಲ್ಲಿ ಹೊಡೆದು, ಅವಕ್ಕೇ ಹತಾರಗಳನ್ನು ತೂಗಿದೆವು. ಹತಾರಗಳು ಮೊಳೆಯ ಗುಣ ಕಲಿಯಲಿ ಎಂದು ಮೂರು ದಿನ ಬಿಟ್ಟು ಆಚಾರ್ರು ತೊಟ್ಟಿಲನ್ನು ಬಿಚ್ಚಿದರು. ಒಂದೊಂದು ಹಲಗೆಗೂ ಮತ್ತೆ ಹತ್ತರಿ ಹಾಕಿದರು, ಮೂಲೆಗಳನ್ನು ಮತ್ತೆ ಕೂಡಿಸಿದರು. ಈ ಸಲ ಹತಾರಗಳು ನಡುನಡುವೆ ನಿಲ್ಲುತ್ತಿದ್ದವು, ಅವರೂ ನಿಂತು ಎಲೆಗೆ ಸುಣ್ಣ ಸವರುತ್ತಿದ್ದರು. ಮುಗಿದ ತೊಟ್ಟಿಲು ಮೆತ್ತಗೆ ತೂಗುತ್ತಿತ್ತು. ಮಗುವಿನ ಮುಷ್ಟಿ ಸಡಿಲವಾಯಿತು, ಕಣ್ಣು ಮುಚ್ಚಿತು. ಹಾಲು ಉಕ್ಕಿ ಬರುವಷ್ಟು ಹೊತ್ತು ಮಲಗಿತು, ಅಷ್ಟೆ. ಎಲ್ಲೋ ಒಂದು ಕಡೆ ತೊಟ್ಟಿಲು ತಡವರಿಸಿತು, ಮಗು ಬೆಚ್ಚಿ ಎದ್ದಿತು. ಮತ್ತೆ ಮಲಗಿಸಿದರೆ ಮತ್ತೆ ಅದೇ. ಸೋಮವಾರ ತೂಕ ನೋಡಿದಾಗ ಐವತ್ತು ಗ್ರಾಂ ಇಳಿದಿತ್ತು. ಇನ್ನೊಂದು ವಾರ ನೋಡಿ, ಆಮೇಲೆ ದೊಡ್ಡಾಸ್ಪತ್ರೆಗೆ ಒಯ್ಯಬೇಕಾಗುತ್ತದೆ ಎಂದರು ಡಾಕ್ಟರಮ್ಮ.

ಮಧ್ಯಾಹ್ನ ನಾನು ಹೋದಾಗ ಆಚಾರ್ರು ನಾನು ಕಟ್ಟಿದ ಹಗ್ಗವನ್ನು ಬಿಚ್ಚಿ ಸುರುಳಿ ಸುತ್ತುತ್ತಿದ್ದರು. "ತಗೊಂಡೋಗಿ ಯಾರಿಗಾದ್ರೂ ಕೊಡು ತಾಯವ್ವ, ಹತಾರಾನೂ ಹಂಚಿಬಿಡು. ನಿನ್ನ ತಪ್ಪು ನೀನು ಸರಿ ಮಾಡ್ದೆ. ಉಳಿದಿದ್ದು ನನ್ನ ಕೈದೇ ಇರ್ಬೇಕು," ಎಂದರು. ಅವರ ದನಿಯಲ್ಲಿ ನನ್ನ ಮೇಲೆ ಒಂದು ಚೂರೂ ಸಂಶಯವಿರಲಿಲ್ಲ. ಅದೇ ನನ್ನನ್ನು ಕೊಂದದ್ದು. ಒಳಗೆ ಮಗು ಅಳುತ್ತಿತ್ತು, ಅಳು ಎಂದರೆ ಅಳುವಷ್ಟು ಶಕ್ತಿಯೂ ಇಲ್ಲದ ಒಂದು ಕಿರುಗುಟ್ಟುವಿಕೆ.

"ಹಗ್ಗ ಅಲ್ಲೇ ಇಡಿ. ಬಂದೆ," ಎಂದು ಮನೆಗೆ ಹೋದೆ. ಅಳತೆಕೋಲನ್ನು ತೆಗೆದು ಹಾಸಿಗೆಯ ಮೇಲಿಟ್ಟೆ. ಮೊಳೆ ಸುಲಭವಾಗಿ ಬರಲಿಲ್ಲ, ನನ್ನ ಕೈ ಅಷ್ಟು ಗಟ್ಟಿಯಾಗಿ ಹೊಡೆದಿತ್ತು. ಅದು ಬಂದಾಗ ನಾನು ಸ್ವಲ್ಪ ಅತ್ತೆ. ಹತ್ತೊಂಬತ್ತು ವರ್ಷದ ಮೇಲೆ ಸಿಕ್ಕ ನಿದ್ದೆ, ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಬೀದಿಯಲ್ಲಿ ನಡೆದುಹೋದೆ.

ಆಚಾರ್ರ ಕೈಗೆ ಮೊಳೆ ಕೊಟ್ಟೆ. ಅವರು ಅದನ್ನು ಬೆರಳುಗಳ ನಡುವೆ ಉರುಳಿಸಿ, ಹಣೆಗೊತ್ತಿಕೊಂಡು, ಕೇಳಿದರು. "ಇದೆಲ್ಲಿತ್ತು?"

"ನಮ್ಮನೇಲಿ. ತಲೆದಿಂಬಿನ ಮೇಲ್ಗಡೆ."

ಅವರಿಗೆ ನನ್ನ ನಿದ್ದೆಯ ವಿಷಯ ಗೊತ್ತಿತ್ತು, ಊರಿಗೇ ಗೊತ್ತಿತ್ತು. "ನಿದ್ದೆ ಬರ್ತಿತ್ತಾ?"

"ಬರ್ತಿತ್ತು."

ಅವರು ಮೊಳೆಯನ್ನು ಹಿಡಿದ ಕೈಯನ್ನು ನನ್ನ ಕಡೆಗೆ ಚಾಚಿ, ಹಿಂದಕ್ಕೆ ಎಳೆದುಕೊಂಡರು. "ಇದು ನಿನ್ನ ಹತ್ರಾನೇ ಇರ್ಲಿ ಅನ್ನೋಕೆ ನಂಗಾಗಲ್ಲ ತಾಯವ್ವ. ಮೊಮ್ಮಗಳು."

"ನೀವಂದ್ರೂ ನಾನು ಇಸ್ಕೊಳ್ಳಲ್ಲ," ಎಂದೆ. ಸುತ್ತಿಗೆಯ ತಲೆ ಇದ್ದ ಜಾಗದಲ್ಲೇ, ನಡುಮಧ್ಯದಲ್ಲಿ, ಎದೆಮಟ್ಟಕ್ಕೆ ಅದನ್ನು ಹೊಡೆದೆ. ಅದಕ್ಕೆ ಏನನ್ನೂ ತೂಗಲಿಲ್ಲ. ಖಾಲಿ ಮೊಳೆ ಎಂದರೆ ನನಗೆ ಮೈಯೆಲ್ಲ ಕಡಿಯುತ್ತದೆ, ಆದರೂ ತೂಗಲಿಲ್ಲ.

ಆಚಾರ್ರು ಮತ್ತೆ ಮೂರು ದಿನ ಕಾದು, ತೊಟ್ಟಿಲನ್ನು ಮತ್ತೆ ಬಿಚ್ಚಿ, ಮತ್ತೆ ಕೂಡಿಸಿದರು. ಶನಿವಾರ ಊಟದ ಹೊತ್ತಿಗೆ ಮಗುವನ್ನು ಮಲಗಿಸಿದರು. ನಾವೆಲ್ಲ ಕಾಯುತ್ತ ಕೂತೆವು. ಹಾಲು ಉಕ್ಕುವ ಹೊತ್ತು ಕಳೆಯಿತು. ಅನ್ನ ಬೇಯುವ ಹೊತ್ತೂ ಕಳೆಯಿತು. ಚಂದ್ರಮತಿ ತೊಟ್ಟಿಲ ಸರಪಳಿ ಹಿಡಿದುಕೊಂಡೇ ಗೋಡೆಗೆ ಒರಗಿ ನಿದ್ದೆ ಹೋದಳು. ಮಗು ಎದ್ದದ್ದು ದೀಪ ಹಚ್ಚುವ ಹೊತ್ತಿಗೆ, ಹಸಿವಾಗಿ, ಊರೆಲ್ಲ ಕೇಳುವಂಥ ಗಟ್ಟಿ ದನಿಯಲ್ಲಿ ಅಳುತ್ತ. ಮುಂದಿನ ಸೋಮವಾರ ಡಾಕ್ಟರಮ್ಮ ತಕ್ಕಡಿಯನ್ನು ಎರಡು ಸಲ ನೋಡಿದರು. ಈಗ ಆ ಹುಡುಗಿ ನಡೆಯುತ್ತಾಳೆ, ಅವಳ ತೊಟ್ಟಿಲು ಮಣೆಯಾಗಿದೆ, ಅದರ ಮೇಲೆ ಕೂತು ಅನ್ನಕ್ಕಿಂತ ಹೆಚ್ಚು ತುಪ್ಪ ತಿನ್ನುತ್ತಾಳೆ.

ಗೋಪಾಲಿಗೆ ನಿಜ ಹೇಳಿದೆ. ಅವನು ಊರಿಗೆಲ್ಲ ಹೇಳಿದ. ಹೇಳಲಿ, ನನ್ನ ಮೊಳೆ ಬಗ್ಗುವುದಿಲ್ಲ ಎಂಬುದಾದರೂ ಅದರಿಂದ ಖಾತ್ರಿಯಾಯಿತು. ಕೆಲಸ ಮೊದಲಿಗಿಂತ ಹೆಚ್ಚಾಗಿದೆ. ಇನ್ನೂರ ಮೂವತ್ತು ಗೋಡೆ ದಾಟಿದ್ದೇನೆ. ಈಗ ಮೊಳೆ ಯಾವ ಕಬ್ಬಿಣದ್ದು ಎಂದು ಕೇಳದೆ ಹೊಡೆಯುವುದಿಲ್ಲ, ಯಾರ ಮನೆಯಲ್ಲೂ ಕೈಯಲ್ಲಿ ಹಿಡಿಸಿ ಕೇಳದೆ ಒಂದು ಮುರುಕನ್ನೂ ತೆಗೆಯುವುದಿಲ್ಲ. ನಿದ್ದೆ ಮತ್ತೆ ಮೊದಲಿನಂತೆ ಎರಡು ಗಂಟೆ. ನನ್ನ ಉಳಿಗಳಷ್ಟು ಹರಿತವಾದ ಉಳಿ ಈ ಊರಿನಲ್ಲಿ ಇನ್ನೊಬ್ಬರ ಹತ್ತಿರ ಇಲ್ಲ.

ಆದರೆ ದಿನಾ ಊಟವಾದ ಮೇಲೆ ನಾನು ಆಚಾರ್ರ ಕೈಕೋಣೆಗೆ ಹೋಗುತ್ತೇನೆ. ಗೋಡೆಯ ಮೊಳೆಗಳನ್ನು ಆಗಾಗ ಪರೀಕ್ಷಿಸಬೇಕು, ಅದು ಕಸುಬಿನ ಕ್ರಮ ಎಂದು ಎಲ್ಲರಿಗೂ ಹೇಳಿದ್ದೇನೆ. ಆ ಖಾಲಿ ಮೊಳೆಯ ಕೆಳಗೆ ಒಂದು ಚಾಪೆ ಇರುತ್ತದೆ, ಅದನ್ನು ಯಾರು ಹಾಸಿಡುತ್ತಾರೋ ನಾನು ಕೇಳಿಲ್ಲ. ಗೋಡೆಗೆ ಬೆನ್ನು ಕೊಟ್ಟು ಕೂರುತ್ತೇನೆ. ಆಚಾರ್ರು ಉಳಿ ಬಡಿಯುವ ಕೊಡತಿಯನ್ನು ಕೆಳಗಿಟ್ಟು ಸದ್ದಾಗದ ಕೆಲಸ ಏನಿದೆಯೋ ಅದನ್ನು ಹುಡುಕಿಕೊಳ್ಳುತ್ತಾರೆ. ನನಗೆ ಎಚ್ಚರವಾಗುವ ಹೊತ್ತಿಗೆ ಬಿಸಿಲು ಕಿಟಕಿಯಿಂದ ಇಳಿದಿರುತ್ತದೆ.

"ಮೊಳೆ ಎಲ್ಲ ಸರಿಯಾಗಿದ್ಯಾ ತಾಯವ್ವ?" ಎಂದು ಕೇಳುತ್ತಾರೆ.

"ಎಂಟು ಸರಿಯಾಗಿದೆ," ಎನ್ನುತ್ತೇನೆ. "ಒಂಬತ್ತನೇದನ್ನ ನಾಳೆ ಇನ್ನೊಂದ್ಸಲ ನೋಡ್ಬೇಕು."